ಅರಣ್ಯ ಕಾನೂನಿನ ಹಿಂದಿನ ಕಸುಬುದಾರರು

ಅಮೆರಿಕದ ಅರಣ್ಯ ತಜ್ಞರ ವೃತ್ತಿಸಂಘದ ಹೆಸರು ಸೊಸೈಟಿ ಆಫ್ ಅಮೆರಿಕನ್ ಫಾರೆಸ್ಟರ್ಸ್. 1900ರ ನವೆಂಬರ್ 30ರಂದು ವಾಷಿಂಗ್ಟನ್‌ನಲ್ಲಿ ಏಳು ಮಂದಿ ಸೇರಿ ಅದನ್ನು ಕಟ್ಟಿದರು. ಮೊದಲ ಅಧ್ಯಕ್ಷ ಗಿಫರ್ಡ್ ಪಿನ್‌ಶೋ. ಭಾರತದ ಅರಣ್ಯ ಇಲಾಖೆಗೆ ಅಡಿಪಾಯ ಹಾಕಿದ ಜರ್ಮನ್ ತಜ್ಞ ಡೀಟ್ರಿಚ್ ಬ್ರಾಂಡಿಸ್ ಪಿನ್‌ಶೋ ಅವರಿಗೆ ಯುರೋಪಿನಲ್ಲಿ ಮಾರ್ಗದರ್ಶಕರಾಗಿದ್ದರು. ಸಂಘ ಕಟ್ಟಿದಾಗ ಸರ್ಕಾರದ ಅರಣ್ಯ ವಿಭಾಗಕ್ಕೂ ಪಿನ್‌ಶೋ ಅವರೇ ಮುಖ್ಯಸ್ಥ. ಸಲಹೆ ಕೊಡುವವರೂ ಪಡೆಯುವವರೂ ಒಂದೇ ಮನೆಯವರು ಎಂದರೂ ನಡೆದೀತು.

ಸಂಘದ ಮೊದಮೊದಲ ಪ್ರಭಾವ ಬೆಳೆದದ್ದು ಪರಿಚಯದ ಬಲದಿಂದ. ಪಿನ್‌ಶೋ ಮನೆಯಲ್ಲಿ ಸದಸ್ಯರು ಕೂಡಿ ಮಾತನಾಡುತ್ತಿದ್ದರು. 1903ರ ಮಾರ್ಚ್‌ನಲ್ಲಿ ಅಂಥದೊಂದು ಸಭೆಗೆ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಂದು ಭಾಷಣ ಮಾಡಿದರು. ಎರಡು ವರ್ಷ ಕಳೆಯುವುದರೊಳಗೆ, 1905ರ ಫೆಬ್ರುವರಿಯಲ್ಲಿ, ಸುಮಾರು 6.3 ಕೋಟಿ ಎಕರೆ ಮೀಸಲು ಅರಣ್ಯ ಒಳಾಡಳಿತ ಇಲಾಖೆಯಿಂದ ಕೃಷಿ ಇಲಾಖೆಗೆ, ಅಂದರೆ ಪಿನ್‌ಶೋ ಕೈಗೆ ಬಂತು. ಅದು ಸಂಘವೊಂದರದೇ ಸಾಧನೆಯಲ್ಲ. ಆದರೆ ಕಾಡನ್ನು ಕಂದಾಯದ ಗುಮಾಸ್ತರಲ್ಲ, ಓದಿ ಪಳಗಿದವರು ನೋಡಿಕೊಳ್ಳಬೇಕು ಎಂಬ ವಾದ ಅಲ್ಲಿ ಗೆದ್ದಿತು.

ಒಗ್ಗಟ್ಟು ಬಹಳ ಕಾಲ ಉಳಿಯಲಿಲ್ಲ. ಖಾಸಗಿ ಕಾಡಿನ ಕಡಿತಲೆಗೆ ಕೇಂದ್ರ ಸರ್ಕಾರವೇ ಲಗಾಮು ಹಾಕಬೇಕೆಂದು 1919ರಲ್ಲಿ ಪಿನ್‌ಶೋ ನೇತೃತ್ವದ ಸಂಘದ ಸಮಿತಿ ವರದಿ ಕೊಟ್ಟಿತು. ಮುಂದಿನ ವರ್ಷ ಸರ್ಕಾರದ ಅರಣ್ಯ ಸೇವೆಯ ಮುಖ್ಯಸ್ಥರಾದ ವಿಲಿಯಂ ಗ್ರೀಲಿ ಇದಕ್ಕೆ ಒಪ್ಪಲಿಲ್ಲ. ರಾಜ್ಯಗಳನ್ನೂ ಮಾಲೀಕರನ್ನೂ ಜೊತೆಗೂಡಿಸಿಕೊಂಡು ಮೊದಲು ಕಾಳ್ಗಿಚ್ಚು ತಡೆಯೋಣ ಎಂಬುದು ಅವರ ನಿಲುವು. ಸದಸ್ಯರು ಎರಡು ಪಾಳಯವಾದರು. 1924ರ ಕ್ಲಾರ್ಕ್–ಮ್ಯಾಕ್‌ನೇರಿ ಕಾಯ್ದೆ ಗ್ರೀಲಿಯವರ ದಾರಿಯನ್ನೇ ಹಿಡಿಯಿತು. ತಜ್ಞರೇ ಕಚ್ಚಾಡುತ್ತಿದ್ದರೆ ಶಾಸಕರು ತಮಗೆ ಹಗುರವೆನಿಸಿದ್ದನ್ನು ಆರಿಸಿಕೊಳ್ಳುವುದು ಸಹಜವೇ.

ಸಂಘದ ಪ್ರಭಾವಕ್ಕೆ ಸದ್ದಿಲ್ಲದೆ ಗಟ್ಟಿಯಾದ ಇನ್ನೊಂದು ದಾರಿ ಶಿಕ್ಷಣ. ಯಾವ ಅರಣ್ಯ ಕಾಲೇಜು ಯೋಗ್ಯ ಎಂದು ತೂಗಿ ನೋಡಿ, ಮಾನ್ಯತೆ ಪಡೆದವುಗಳ ಮೊದಲ ಪಟ್ಟಿಯನ್ನು ಸಂಘ 1935ರಲ್ಲಿ ಪ್ರಕಟಿಸಿತು. ಹಲವು ರಾಜ್ಯಗಳಲ್ಲಿ ಫಾರೆಸ್ಟರ್ ಎಂದು ಕೆಲಸ ಮಾಡಲು ಪರವಾನಗಿ ಬೇಕು. ಅಲ್ಲಿ ಮಾನ್ಯತೆ ಪಡೆದ ಕಾಲೇಜಿನ ಪದವಿಗೆ ತೂಕ ಹೆಚ್ಚು. ನೀತಿಯನ್ನು ಬರೆಯುವವರಿಗಿಂತ ಅದನ್ನು ಕಾಡಿನಲ್ಲಿ ನಡೆಸುವವರು ಏನು ಕಲಿತಿದ್ದಾರೆ ಎಂಬುದು ಕೆಲವೊಮ್ಮೆ ಮುಖ್ಯವಾಗುತ್ತದೆ.

ತಜ್ಞರ ಅಧಿಕಾರವೇ ಪ್ರಶ್ನೆಗೆ ಒಳಗಾದದ್ದು 1970ರ ದಶಕದಲ್ಲಿ. ಒಂದು ಪ್ರದೇಶದ ಮರಗಳನ್ನೆಲ್ಲ ಒಂದೇ ಬಾರಿಗೆ ಬೋಳಿಸುವ ಪದ್ಧತಿಯ ವಿರುದ್ಧ ವೆಸ್ಟ್ ವರ್ಜೀನಿಯಾದ ಮನಾಂಗಹೇಲಾ ಅರಣ್ಯದಲ್ಲಿ ಜನ ಎದ್ದು ನಿಂತರು. ಸತ್ತ, ಬಲಿತ ಅಥವಾ ದೊಡ್ಡದಾಗಿ ಬೆಳೆದ ಮರಗಳನ್ನು ಒಂದೊಂದಾಗಿ ಗುರುತು ಹಾಕಿಯೇ ಕಡಿಯಬೇಕೆಂದು 1897ರ ಕಾಯ್ದೆ ಹೇಳುತ್ತದೆ ಎಂದು 1975ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹೊಸ ಕಾನೂನು ಅನಿವಾರ್ಯವಾಯಿತು. ಬೋಳಿಸುವುದನ್ನು ಪೂರ್ತಿ ನಿಷೇಧಿಸಬೇಕೆ, ತಜ್ಞರ ವಿವೇಚನೆಗೆ ಬಿಡಬೇಕೆ ಎಂಬುದೇ ಚರ್ಚೆಯ ತಿರುಳು. 1976ರ ರಾಷ್ಟ್ರೀಯ ಅರಣ್ಯ ನಿರ್ವಹಣಾ ಕಾಯ್ದೆ ಅದನ್ನು ನಿಷೇಧಿಸಲಿಲ್ಲ. ಷರತ್ತು ಹಾಕಿತು, ಪ್ರತಿ ರಾಷ್ಟ್ರೀಯ ಅರಣ್ಯಕ್ಕೂ ಯೋಜನೆ ಬೇಕೆಂದಿತು, ಯೋಜನೆ ಮಾಡುವಾಗ ಜನರ ಮಾತು ಕೇಳುವುದನ್ನು ಕಡ್ಡಾಯ ಮಾಡಿತು. ಅಲ್ಲಿಂದಾಚೆ ಫಾರೆಸ್ಟರ್ ಹೇಳಿದ್ದೇ ಕೊನೆಯ ಮಾತಾಗಿ ಉಳಿಯಲಿಲ್ಲ.

ಸಂಘ ಇಂದು ನೀತಿಯ ಬಗ್ಗೆ ಮಾತನಾಡುವುದು ಹೆಚ್ಚಾಗಿ ನಿಲುವು ಹೇಳಿಕೆಗಳ ಮೂಲಕ. ಸದಸ್ಯರ ಸಮಿತಿ ಕರಡು ಬರೆಯುತ್ತದೆ, ಆಡಳಿತ ಮಂಡಳಿ ಒಪ್ಪಿಗೆ ಕೊಡುತ್ತದೆ. ಇಂಥ ಹೇಳಿಕೆಗೆ ಅವಧಿಯೂ ಇರುತ್ತದೆ, ನವೀಕರಿಸದಿದ್ದರೆ ಬಿದ್ದುಹೋಗುತ್ತದೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿಗಳ ಮುಂದೆ ಸಾಕ್ಷ್ಯ ಹೇಳುವಾಗ, ಇಲಾಖೆಯ ಕರಡು ನಿಯಮಗಳಿಗೆ ಅಭಿಪ್ರಾಯ ಸಲ್ಲಿಸುವಾಗ ಇದೇ ಆಧಾರ. ಚುನಾವಣೆಯಲ್ಲಿ ಅಭ್ಯರ್ಥಿಗಳನ್ನು ಬೆಂಬಲಿಸುವಂತಿಲ್ಲ. ಸದಸ್ಯರಲ್ಲಿ ಸರ್ಕಾರಿ ನೌಕರರೂ ನಾಟಾ ಕಂಪನಿಯವರೂ ಪ್ರಾಧ್ಯಾಪಕರೂ ಇರುವುದರಿಂದ ಹೇಳಿಕೆಗಳ ಭಾಷೆ ಅಳೆದು ತೂಗಿದಂತಿರುತ್ತದೆ. ಓದಲು ಸಪ್ಪೆ, ಆದರೆ ಬೇರೆ ಬೇರೆ ಪಕ್ಷದ ಶಾಸಕರು ಅದನ್ನು ನೆಚ್ಚಲು ಈ ಸಪ್ಪೆತನವೂ ಒಂದು ಕಾರಣ.

ಒಳಗಿನ ಬದಲಾವಣೆಯಂತೂ ಇನ್ನೂ ನಿಧಾನ. ನೆಲವನ್ನು ಬರಿಯ ಆಸ್ತಿಯಾಗಿ ಅಲ್ಲ, ನಾವೂ ಸೇರಿದ ಸಮುದಾಯವಾಗಿ ಕಾಣಬೇಕೆಂದು ವಾದಿಸಿದ ಆಲ್ಡೊ ಲಿಯೊಪೋಲ್ಡ್ ಈ ಸಂಘದ ಸದಸ್ಯರೇ. 1948ರಲ್ಲಿ ಅವರು ತೀರಿಕೊಂಡರು. ಅವರ ಭೂಮಿನೀತಿಯ ಆಶಯ ಸಂಘದ ವೃತ್ತಿ ಸಂಹಿತೆಯೊಳಗೆ ಸೇರಿದ್ದು 1992ರಲ್ಲಿ.