ಬೆಕ್ಕಿನ ಮರಿಗೆ ಚಿಗಟ: ದನದ ಎಣ್ಣೆ ಹಚ್ಚಬೇಡಿ

ಮಾನ್ವಿಯಲ್ಲಿ ಭತ್ತದ ಚೀಲ ಪೇರಿಸಿದ ಮನೆಯಿರಲಿ, ದೇವದುರ್ಗದಲ್ಲಿ ಹತ್ತಿ ಕೂಡಿಟ್ಟ ಕೋಣೆಯಿರಲಿ, ಇಲಿ ಕಾಟಕ್ಕೆ ಬೆಕ್ಕು ಬೇಕೇ ಬೇಕು. ಅದು ಮರಿ ಹಾಕಿದಾಗ ಮರಿಗಳಿಗೆ ಚಿಗಟ ಹತ್ತುತ್ತದೆ. ಆಗ ನಮ್ಮ ಕೈ ಹೋಗುವುದು ದನದ ಉಣ್ಣೆಗೆ ತಂದ ಡೆಲ್ಟಾಮೆಥ್ರಿನ್‌ಗೆ, ಇಲ್ಲವೇ ಹತ್ತಿಗೆ ಹೊಡೆದು ಉಳಿದ ಸೈಪರ್‌ಮೆಥ್ರಿನ್‌ಗೆ. ಬೇಡ್ರಿ! ಈ ಪೈರೆಥ್ರಾಯ್ಡ್ ವಿಷವನ್ನು ದನದ ಮೈ ತಾಳಿಕೊಳ್ಳುತ್ತದೆ. ಬೆಕ್ಕಿನ ಲಿವರ್ ಅದನ್ನು ಬೇಗ ಕರಗಿಸಿ ಹೊರಹಾಕಲಾರದು. ನಡುಕ, ಫಿಟ್ಸ್ ಬಂದು ಮರಿ ಸತ್ತೇ ಹೋಗಬಹುದು. ಬೇವಿನೆಣ್ಣೆಯೂ ಬೇಡ. ತೋಟಗಾರಿಕೆ ಓದಿ ಸಾವಯವ ಮಾಡುವ ನಾನೇ ಹೇಳ್ತಿದ್ದೀನಿ: ತಾಯಿ ಮರಿಯನ್ನು ನೆಕ್ಕುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಎಳೆ ಮರಿಗೆ ಹೇನಿನ ಹಣಿಗೆಯೇ ಔಷಧಿ. ಕುತ್ತಿಗೆ, ಬಾಲದ ಬುಡ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಅದ್ದಿ. ತೀರಾ ಹೆಚ್ಚಿದ್ದರೆ ಮಾತ್ರ ತಲೆ ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆದು, ಕೂಡಲೇ ಒರೆಸಿ ಬೆಚ್ಚಗಿಡಿ. ರಾಯಚೂರಿನ ಬಿಸಿಲಿದೆಯಲ್ಲ ಎಂದು ಹೊರಗೆ ಬಿಡಬೇಡಿ. ಆ ಬಿಸಿಲು ಬೇಕಾದದ್ದು ಮರಿ ಮಲಗುವ ಗೋಣಿಚೀಲಕ್ಕೆ. ಚಿಗಟದ ಮೊಟ್ಟೆ, ಹುಳು ಇರುವುದು ಅಲ್ಲೇ. ಕುದಿನೀರಲ್ಲಿ ಅದ್ದಿ ಒಣಗಿಸಿ. ತಾಯಿಗೆ ಔಷಧಿ ಪಶುವೈದ್ಯರನ್ನು ಕೇಳಿಯೇ ಹಾಕಿ.

ಮರಿಯ ವಸಡು ಬೆಳ್ಳಗಾಗಿ, ಹಾಲು ಕುಡಿಯದೆ ಸುಮ್ಮನೆ ಬಿದ್ದಿದ್ದರೆ ಚಿಗಟ ರಕ್ತ ಹೀರಿ ಬಸಿದಿರಬಹುದು. ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ.