ಗಲ್ಲಿಯ ಕೇಬಲ್‌ವಾಲಾ ಉಳಿಯುತ್ತಾನಾ?

ಡೊಂಬಿವಲಿ, ಥಾಣೆ, ಮೀರಾರೋಡ್ ಕಡೆ ಹೊಸದಾಗಿ ಮನೆ ಮಾಡಿದ ನಮ್ಮೂರಿನವರು ಮೊದಲು ಕೇಳಿ ಬರೆದುಕೊಳ್ಳುತ್ತಿದ್ದ ನಂಬರುಗಳಲ್ಲಿ ಕೇಬಲ್‌ವಾಲಾನದೂ ಒಂದು. ಟಿವಿಗೂ ಅವನೇ, ಆಮೇಲೆ ಇಂಟರ್‌ನೆಟ್ಟಿಗೂ ಅವನೇ. ಆ ನಂಬರಿನ ಅಗತ್ಯ ಈಗ ಕಡಿಮೆಯಾಗುತ್ತಿದೆ. ಅದರ ಹಿಂದೆ ಒಂದು ಸಣ್ಣ ಉದ್ಯಮದ ಸಂಕಟವಿದೆ.

1991ರ ಕೊಲ್ಲಿ ಯುದ್ಧದ ಹೊತ್ತಿಗೆ ಟೆರೇಸಿನ ಮೇಲೆ ಡಿಶ್ ನಿಲ್ಲಿಸಿ, ಕಟ್ಟಡದಿಂದ ಕಟ್ಟಡಕ್ಕೆ ವಯರು ಎಳೆದು ಬೆಳೆದ ದಂಧೆ ಇದು. 1995ರ ಕಾಯ್ದೆ ಬಂದ ಮೇಲೆ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಾಯಿತು. ಗಲ್ಲಿಯಲ್ಲಿ ಹತ್ತಾರು ಕನ್ನಡ ಮನೆಗಳಿದ್ದು ಒತ್ತಾಯಿಸಿದರೆ ಉದಯ ಟಿವಿ ಹಾಕಿಕೊಡುವಷ್ಟು ಸ್ವಾತಂತ್ರ್ಯ ಆಗ ಅವನಿಗಿತ್ತು.

2012ರ ಅಕ್ಟೋಬರ್ 31ಕ್ಕೆ ಮುಂಬೈಯಲ್ಲಿ ಅನಲಾಗ್ ಪ್ರಸಾರ ನಿಲ್ಲಿಸುವ ಗಡುವು ಬಂತು. ಸೆಟ್‌ಟಾಪ್ ಬಾಕ್ಸಿನೊಂದಿಗೆ ಹಿಡಿತವೂ ದೊಡ್ಡ ವಿತರಕರ ಕೈಗೆ ಹೋಯಿತು. 2019ರ ಫೆಬ್ರುವರಿಯಲ್ಲಿ ಜಾರಿಯಾದ ಟ್ರಾಯ್ ನಿಯಮದಲ್ಲಿ ಮೊದಲ ನೂರು ಚಾನೆಲ್‌ಗಳಿಗೆ ತೆರಿಗೆ ಬಿಟ್ಟು ಗರಿಷ್ಠ 130 ರೂಪಾಯಿ ನೆಟ್‌ವರ್ಕ್ ಶುಲ್ಕವಿತ್ತು. ಬೇರೆ ಒಪ್ಪಂದ ಇಲ್ಲದಿದ್ದರೆ ಸ್ಥಳೀಯನಿಗೆ ಆಗ ಅದರಲ್ಲಿ ಶೇ 45, ಅಂದರೆ 58 ರೂಪಾಯಿ 50 ಪೈಸೆ ಸಿಗಬೇಕಿತ್ತು. ಲೈನ್‌ಮನ್ ಸಂಬಳ, ವಯರು, ಕರೆಂಟ್ ಬಿಲ್ಲು ಇಂಥ ಆದಾಯದಲ್ಲೇ ಸರಿದೂಗಬೇಕಿತ್ತು.

ಉಳಿದ ಆಸರೆ ಬ್ರಾಡ್‌ಬ್ಯಾಂಡ್. ಹಲವರು ಇಂಟರ್‌ನೆಟ್ ಕಂಪನಿಗಳ ಫ್ರಾಂಚೈಸಿ ಪಡೆದು, ಸಾಲ ಮಾಡಿ ಫೈಬರ್ ಎಳೆದರು. 2018ರ ಅಕ್ಟೋಬರಿನಲ್ಲಿ ಹಾಥ್‌ವೇ, ಡೆನ್ ಕಂಪನಿಗಳ ನಿಯಂತ್ರಣದ ಪಾಲು ಕೊಳ್ಳುವುದಾಗಿ ರಿಲಯನ್ಸ್ ಪ್ರಕಟಿಸಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಫೈಬರ್ ಬಂತು. ಸರಕು ಕೊಡುತ್ತಿದ್ದ ಸಗಟು ವ್ಯಾಪಾರಿಯೇ ಎದುರಿಗೆ ಅಂಗಡಿ ತೆರೆದ ಹಾಗೆ. ಏರ್‌ಟೆಲ್ ಕೂಡ ಇದೇ ಗಿರಾಕಿಯ ಬಾಗಿಲಲ್ಲಿದೆ. ಇಂಟರ್‌ನೆಟ್ ಜೊತೆ ಒಟಿಟಿಯನ್ನೂ ಸೇರಿಸಿ ಕೊಡುವವರ ಮುಂದೆ ಸಣ್ಣವನು ಎಷ್ಟು ದರ ಇಳಿಸಿಯಾನು?

ಇದರ ಮೇಲೆ ರೀಡೆವಲಪ್‌ಮೆಂಟ್. ಹಳೆಯ ಕಟ್ಟಡ ಕೆಡವಿದಾಗ ಅಲ್ಲಿನ ಗಿರಾಕಿಗಳು ಒಂದೇ ದಿನಕ್ಕೆ ಚೆದುರುತ್ತಾರೆ. ಕೆಲವು ವರ್ಷಗಳ ನಂತರ ಟವರ್ ಎದ್ದಾಗ, ಬಿಲ್ಡರ್ ಯಾವುದೋ ಒಂದು ಕಂಪನಿಗೆ ಡಕ್ಟ್ ಒಪ್ಪಿಸಿಬಿಟ್ಟಿದ್ದರೆ ಹಳಬನಿಗೆ ಒಳಗೆ ಕಾಲಿಡಲೂ ದಾರಿಯಿಲ್ಲ.

ಹಳೆಯ ಕೇಬಲ್‌ವಾಲಾ ಸಾಧುವೇನೂ ಆಗಿರಲಿಲ್ಲ. ಗಲ್ಲಿ ಹಂಚಿಕೊಂಡು, ಬೇರೊಬ್ಬನನ್ನು ಬಿಡದೆ, ರಸೀದಿಯಿಲ್ಲದೆ ವಸೂಲಿ ಮಾಡಿದವರೂ ಇದ್ದರು. ಹಾಗಂತ ಆ ಏಕಸ್ವಾಮ್ಯದ ಜಾಗದಲ್ಲಿ ಇನ್ನೂ ದೊಡ್ಡ ಏಕಸ್ವಾಮ್ಯ ಕೂರಿಸಿದರೆ ನಮಗೇನು ಲಾಭ? ಜುಲೈ ಮಳೆಯಲ್ಲಿ ವಯರು ಕಡಿದಾಗ ಏಣಿ ಹೊತ್ತು ಬರುವವನು ಪಕ್ಕದ ಚಾಳಿನವನೇ. ಮನೆಯಿಂದಲೇ ಕೆಲಸ ಮಾಡುವವರಿಗೆ ಅದರ ಬೆಲೆ ಗೊತ್ತು.

ಸಣ್ಣವರು ಉಳಿಯಬೇಕಾದರೆ ಸರಿಯಾದ ಬಿಲ್ಲು ಕೊಡಲಿ, ಹೇಳಿದ ವೇಗ ಕೊಡಲಿ. ನಾವು ಮಾಡಬಹುದಾದದ್ದೂ ಒಂದಿದೆ: ಸೊಸೈಟಿ ಸಭೆಯಲ್ಲಿ ಇಂಟರ್‌ನೆಟ್ ವಿಷಯ ಬಂದಾಗ, ಕನಿಷ್ಠ ಇಬ್ಬರಿಗೆ ಡಕ್ಟ್ ತೆರೆದಿಡಿ, ಅವರಲ್ಲಿ ಒಬ್ಬ ಸ್ಥಳೀಯನಿರಲಿ ಎಂದು ಕೈಯೆತ್ತಿ ಹೇಳುವುದು.