ಬಿಸಿಲಿನ ಬಾಕಿ

ಏಪ್ರಿಲ್ ತಿಂಗಳಾದರೂ ಬೆಳಗಿನ ಜಾವ ಹೆಸರಘಟ್ಟದ ಗಾಳಿಯಲ್ಲಿ ಒಂದಿಷ್ಟು ತಂಪು ಉಳಿದಿರುತ್ತದೆ. ವೀರ್ಯ ಸಂಗ್ರಹಣಾ ಕೇಂದ್ರದ ಹೋರಿಗಳಿಗೆ ಅದೇ ಕೆಲಸದ ಹೊತ್ತು. ಮೈ ತೊಳೆಸಿಕೊಂಡ ಹೋಲ್‌ಸ್ಟೀನ್ ಹೋರಿಯೊಂದು ಮೂಗುಬಳೆಯ ಹಗ್ಗ ಹಿಡಿದವನ ಹಿಂದೆ ಭಾರವಾಗಿ ನಡೆದು ಬರುತ್ತದೆ. ನೋಡಲು ಬಂದವರ ಕಣ್ಣೆಲ್ಲ ಅದರ ಕತ್ತು, ಹೆಗಲಿನ ಮೇಲೆ. ಪಶುವೈದ್ಯರು ಮಾತ್ರ ಹಿಂದಕ್ಕೆ ಹೋಗಿ ನಿಂತು ಹಿಂಗಾಲುಗಳ ನಡುವೆ ನೋಡುತ್ತಾರೆ.

ಆ ಹೊತ್ತಿನ ಚಳಿಗೆ ತರಡಿನ ಚೀಲ ಸುಕ್ಕುಗಟ್ಟಿ ಹೊಟ್ಟೆಯತ್ತ ಸೇದಿಕೊಂಡಿರುತ್ತದೆ. ಬಿಸಿಲೇರಿತೆಂದರೆ ಸುಕ್ಕು ಬಿಚ್ಚಿ, ನುಣುಪಾಗಿ, ಕೆಳಗೆ ಜೋತುಬೀಳುತ್ತದೆ. ಹೋರಿಯ ಮೈ 38.5 ಡಿಗ್ರಿಯ ಆಸುಪಾಸು. ವೀರ್ಯಾಣು ನೆಟ್ಟಗೆ ಬೆಳೆಯಬೇಕಾದರೆ ತರಡು ಅದಕ್ಕಿಂತ 2ರಿಂದ 6 ಡಿಗ್ರಿ ತಣ್ಣಗಿರಬೇಕು. ಏರಿಸಿ ಇಳಿಸುವ ಸ್ನಾಯುಗಳು, ಕೂದಲು ವಿರಳವಾದ ಚರ್ಮ, ಅದರ ಬೆವರು ಎಲ್ಲ ಇದಕ್ಕಾಗಿಯೇ. ಒಳಗಿನ ಏರ್ಪಾಡು ಇನ್ನೂ ಸೊಗಸು. ಚೀಲದ ಕತ್ತಿನಲ್ಲಿ ಬಿಸಿ ರಕ್ತದ ಅಪಧಮನಿ ಸುರುಳಿ ಸುರುಳಿಯಾಗಿ ಇಳಿಯುತ್ತದೆ. ತಣ್ಣಗಾದ ರಕ್ತ ಹೊತ್ತು ಮೇಲೇರುವ ಅಭಿಧಮನಿಗಳು ಅದನ್ನು ಬಲೆಯಾಗಿ ಸುತ್ತಿಕೊಂಡಿರುತ್ತವೆ. ಇಳಿಯುವ ರಕ್ತದ ಶಾಖ ದಾರಿಯಲ್ಲೇ ಏರುವ ರಕ್ತಕ್ಕೆ ದಾಟಿಬಿಡುತ್ತದೆ.

ಈ ಕತ್ತಿನಲ್ಲಿ ಕೊಬ್ಬು ತುಂಬಿದರೆ ಕೆಲಸ ಕೆಟ್ಟಿತು. ಜಾತ್ರೆಯಲ್ಲಿ ಮೆರೆಸಲೆಂದು ಹಿಂಡಿ ತಿನ್ನಿಸಿ ದುಂಡಗೆ ಮಾಡಿದ ಹೋರಿಯನ್ನು ಕಂಡಾಗ ನನಗೆ ಅನುಮಾನವೇ ಹೆಚ್ಚು.

ಅತ್ತ ಒಬ್ಬರು ಕೃತಕ ಯೋನಿಯ ಕೊಳವೆಗೆ ಬಿಸಿನೀರು ತುಂಬುತ್ತಾರೆ. 42ರಿಂದ 45 ಡಿಗ್ರಿ ಇಲ್ಲದಿದ್ದರೆ ಹೋರಿ ಒಪ್ಪುವುದಿಲ್ಲ. ತಯಾರಾಗಲು ತಂಪು ಬೇಡಿದ ಸರಕು ಹೊರಬರಲು ಬಿಸಿ ಕೇಳುತ್ತದೆ! ಒಂದೇ ನೆಗೆತ, ಗಾಜಿನ ಕೊಳವೆಯ ತುದಿಯಲ್ಲಿ ಕೆನೆಬಣ್ಣದ ಕೆಲವೇ ಮಿಲಿಲೀಟರ್. ಸೂಕ್ಷ್ಮದರ್ಶಕದಡಿ ಅದರ ಒಂದು ಹನಿ ಅಲೆಯಲೆಯಾಗಿ ಸುಳಿಯುತ್ತಿದ್ದರೆ ಸರಿ. ಕಾವು ತಿಂದ ಹೋರಿಯದ್ದಾದರೆ ಅಲೆ ಮಂಕು. ತಲೆ ಕಳಚಿದವು, ಬಾಲ ಸುತ್ತಿಕೊಂಡವು, ಇದ್ದಲ್ಲೇ ಅದುರುವವು. ಅಂಥದ್ದು ವೀರ್ಯ ತುಂಬಿಡುವ ಸ್ಟ್ರಾಗೆ ಹೋಗುವುದಿಲ್ಲ, ಚೆಲ್ಲಿಬಿಡುತ್ತಾರೆ.

ಹಳ್ಳಿಯ ಹೋರಿಗೆ ಈ ಪರೀಕ್ಷೆ ಎಲ್ಲಿಯದು? ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು, ಆಮೇಲೆ ಪಕ್ಕದ ನಾಳದಲ್ಲಿ ಬಲಿಯಲು ಮತ್ತೊಂದು ವಾರ, ಹತ್ತು ದಿನ. ಹಾಗಾಗಿ ಏಪ್ರಿಲ್ ಬಿಸಿಲಿನ ಬಾಕಿ ವಸೂಲಾಗುವುದು ಮೇ, ಜೂನ್‌ನಲ್ಲಿ. ಅಷ್ಟರಲ್ಲಿ ಮಳೆ ಬಿದ್ದಿರುತ್ತದೆ, ಹಸಿಹುಲ್ಲು ಚಿಗುರಿರುತ್ತದೆ, ಹೋರಿ ಮಿರಮಿರ ಮಿಂಚುತ್ತಿರುತ್ತದೆ. ಹಸು ಮಾತ್ರ ಮೂರು ವಾರಕ್ಕೆ ಮತ್ತೆ ಬೆದೆಗೆ. ಹಿಣಿಲಿರುವ ನಮ್ಮ ನಾಟಿ ತಳಿಗಳು ಸೀಮೆ ಹೋರಿಗಳಿಗಿಂತ ಹೆಚ್ಚು ಸೆಕೆ ತಡೆಯುತ್ತವೆ ನಿಜ. ಅವುಗಳ ಅಪಧಮನಿಯ ಗೋಡೆ ತೆಳು, ಅಭಿಧಮನಿಗಳು ಅದಕ್ಕೆ ಹತ್ತಿರ. ಆದರೆ ಕಾಲುಬಾಯಿ ಜ್ವರ ನಾಟಿ ಹೋರಿಯನ್ನೂ ಬಿಡುವುದಿಲ್ಲ. ಜ್ವರದ ಕಾವೂ ಕಾವೇ.

"ಹಸೂಂದೇ ದೋಷ ಸಾರ್, ಗಬ್ಬ ನಿಲ್ತಿಲ್ಲ, ಮಾರಿಬಿಡೋಣ ಅಂತಿದೀನಿ" ಎಂದು ಯಜಮಾನರು ಆಸ್ಪತ್ರೆಯ ಜಗಲಿಯಲ್ಲಿ ಹೇಳುತ್ತಾರೆ.

"ಹೋರಿಗೆ ಎರಡು ತಿಂಗಳ ಹಿಂದೆ ಜ್ವರ ಗಿರ ಬಂದಿತ್ತಾ ಯಜಮಾನ್ರೇ? ಬಿಸಿಲಲ್ಲೇ ಕಟ್ಟಿದ್ರಾ?"

ಯಜಮಾನರು ತಲೆ ಕೆರೆದುಕೊಳ್ಳುತ್ತಾರೆ. ಹಸುವಿನ ಮಾರಾಟ ಸದ್ಯಕ್ಕೆ ನಿಲ್ಲುತ್ತದೆ. ಹೋರಿಗೆ ಮರದ ನೆರಳು, ತೊಟ್ಟಿ ತುಂಬ ನೀರು, ಎರಡು ತಿಂಗಳ ರಜೆ.